ಬೇಲಿ ಹಾಕಲು ಇಬ್ಬರು ಬೇಕು

ವೀರೈಯಡಿ, ಮುಲ್ಲೈತೀವು ಜಿಲ್ಲೆ
14 ಜೂನ್ 2010

ಇಂಡಿಯಾದ ಮಂಡಪಂ ನಿರಾಶ್ರಿತರ ಶಿಬಿರದಲ್ಲಿರುವ ಮಚ್ಚಾಳ್ ತವಮಣಿಗೆ, ನಿನ್ನ ಗಂಡನ ತಂಗಿ ಪಾಕ್ಕಿಯಂ ಬರೆಯುವುದು.

ನಾನು ಬದುಕಿದ್ದೇನೆ. ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದಿ ಆಮೇಲೆ ನಿನಗೆ ನಿರಾಸೆಯಾಗುವುದು ಬೇಡ.

ಕಳೆದ ತಿಂಗಳು ಚೆಟ್ಟಿಕುಳಂ ಶಿಬಿರದಿಂದ ನಮ್ಮನ್ನು ಬಸ್ಸಿನಲ್ಲಿ ತಂದು ಊರ ಶಾಲೆಯ ಮುಂದೆ ಇಳಿಸಿದರು. ಶಾಲೆ ಅಂದರೆ ಗೋಡೆ, ಸೂರಿಲ್ಲ. ಮನೆಗೆ ಹನ್ನೆರಡು ತಗಡು, ಒಂದು ಟಾರ್ಪಾಲು, ಅಕ್ಕಿ, ಹಿಟ್ಟು, ಬೇಳೆ, ಒಂದು ಗುದ್ದಲಿ ಕೊಟ್ಟರು. ಗುದ್ದಲಿ ಕೊಟ್ಟವರೇ "ಎಲ್ಲೆಂದರಲ್ಲಿ ಅಗೀಬೇಡಿ" ಎಂದೂ ಹೇಳಿದರು. ಅಗೆದರೆ ಏನು ಸಿಗುತ್ತದೆಂದು ಯಾರಿಗೂ ಗೊತ್ತಿಲ್ಲವಂತೆ.

ಬಂದವಳು ಮೊದಲು ಹುಡುಕಿದ್ದು ನಮ್ಮಿಬ್ಬರ ನಡುವಿನ ಬೇಲಿಯನ್ನು. ಬೇಲಿ ಇಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನುತ್ತಾರೆ. ಇಲ್ಲಿ ಹೊಲವೇ ಎದ್ದು ಬೇಲಿ ಮೇದಿದೆ. ಹದಿನೆಂಟು ವರ್ಷ ನಾವು ಗಂಟಲು ಹರಿದುಕೊಂಡದ್ದು ಅದಕ್ಕಾಗಿ. ಅಣ್ಣ ಸತ್ತ ಮೂವತ್ತೊಂದನೆಯ ದಿನದ ತಿಥಿಯಲ್ಲೂ ಕೈಯಲ್ಲಿ ವಡೆ ಹಿಡಿದುಕೊಂಡೇ ನೀನು ಬೈದದ್ದು ಅದಕ್ಕಾಗಿ. ಪೊಂಗಲ್ ಬರುವ ತೈ ತಿಂಗಳಲ್ಲಿ ಗೂಟ ಬದಲಾಯಿಸುವ ಸರದಿ ನಿನ್ನದಾದರೆ ಒಂದು ಬೆರಳು ನನ್ನ ಕಡೆಗೆ, ನನ್ನದಾದರೆ ಎರಡು ಬೆರಳು ನಿನ್ನ ಕಡೆಗೆ. ಈಗ ಆ ಬೆರಳೂ ಇಲ್ಲ, ಬೇರೂ ಇಲ್ಲ.

ಹೊಸದು ಹಾಕೋಣವೆಂದರೆ ನೀನಿಲ್ಲ. ಬೇಲಿ ಹಾಕಲು ಇಬ್ಬರು ಬೇಕು. ಗೂಟ ನೆಡುವವಳೊಬ್ಬಳು, ಗುಟುರು ಹಾಕುವವಳೊಬ್ಬಳು. ಎದುರಿಗೆ ನಿಂತು ನೋಡುವವರಿಲ್ಲದೆ ಹಾಕಿದ ಬೇಲಿಗೆ ನಮ್ಮೂರಲ್ಲಿ ಬೇಲಿ ಎನ್ನುವುದಿಲ್ಲ, ಕಳ್ಳತನ ಎನ್ನುತ್ತಾರೆ. ಅದು ನಿನಗೂ ಗೊತ್ತು.

ಗ್ರಾಮ ಸೇವಕರಾಗಿ ಈಗ ಕುಲವೀರಸಿಂಗಂ ಐಯಾ ಬಂದಿದ್ದಾರೆ. ಹೊಟ್ಟೆನೋವಿನ ಮನುಷ್ಯ. ಮಾತಿಗೊಮ್ಮೆ ಮಜ್ಜಿಗೆ ಕೇಳುತ್ತಾರೆ, ಊರಲ್ಲಿ ಹಸುವಿಲ್ಲ ಎಂದು ಗೊತ್ತಿದ್ದೂ.

"ಬಡಗಣ ಮಗ್ಗುಲಿನ ನೆಲದವರು ಎಲ್ಲಮ್ಮಾ?" ಅಂದರು.

"ಇಂಡಿಯಾದಲ್ಲಿದಾಳೆ ಐಯಾ."

"ಬರ್ತಾರಾ?"

"ಬರ್ದೇ ಏನ್ಮಾಡ್ತಾಳೆ? ಅವಳ ನಾಲಿಗೆಗೆ ಅಲ್ಲಿ ಕೆಲಸ ಇರಲ್ಲ."

"ಬರೋ ಚಿತ್ತಿರೈ ಹೊಸ ವರ್ಷದ ಒಳಗೆ ಬಂದು ಮುಖ ತೋರಿಸ್ಲಿ. ಇಲ್ದಿದ್ರೆ ಆಳಿಲ್ಲದ ನೆಲ ಅಂತ ಬರ್ಕೊಳ್ತೀನಿ. ನೆಲ ಇಲ್ಲದವರ ಸಾಲು ಉದ್ದ ಇದೆ."

ಆದ್ದರಿಂದ ಬಾ. ನಿನ್ನ ಮೇಲಿನ ಪ್ರೀತಿಯಿಂದ ಕರೆಯುತ್ತಿಲ್ಲ. ಗುರುತಿಲ್ಲದವರು ಪಕ್ಕಕ್ಕೆ ಬಂದರೆ ಅವರೊಡನೆ ಜಗಳವನ್ನು ಮೊದಲಿನಿಂದ ಶುರು ಮಾಡಬೇಕು. ನನಗೆ ಆ ಶಕ್ತಿ ಇಲ್ಲ.

ಬಿಸಿಲು ಜೋರಾಗಿದೆ. ಮಧ್ಯಾಹ್ನ ಕಣ್ಣು ಮುಚ್ಚಿದರೆ ಬೇಲದ ಕಾಯಿ ತಗಡಿನ ಮೇಲೆ ಧಡ್ ಎಂದು ಬೀಳುತ್ತದೆ. ಓಣಿಯವರೆಲ್ಲ ನೆಲಕ್ಕೆ ಬೋರಲು ಬೀಳುತ್ತಾರೆ. ಆಮೇಲೆ ಎದ್ದು ಮಣ್ಣು ಕೊಡವಿ ನಗುತ್ತಾರೆ.

ಇಲ್ಲಿ ಫೋನು ಸಿಗುವುದಿಲ್ಲ. ಸಿಗದಿದ್ದರೇ ಒಳ್ಳೆಯದು, ಫೋನಿನ ಜಗಳ ಅರ್ಧಕ್ಕೇ ನಿಲ್ಲುತ್ತದೆ.

ಪಾಕ್ಕಿಯಂ


ಮಂಡಪಂ ಶಿಬಿರ
9 ಜುಲೈ 2010

ಮಚ್ಚಾಳ್ ಪಾಕ್ಕಿಯಂಗೆ,

ನೀನು ಬದುಕಿದ್ದೀಯೆಂದು ತಿಳಿದ ದಿನ ಶಿಬಿರದ ಅಮ್ಮನ್ ಗುಡಿಯಲ್ಲಿ ಕರ್ಪೂರ ಹಚ್ಚಿದೆ. ಇದನ್ನು ನಿನಗೆ ಬರೆಯಬಾರದು ಎಂದಿದ್ದೆ. ಮಗಳು ಕಯಲ್ ಬರೆಯಲೇಬೇಕು ಎಂದಳು. ಬರೆದಾಯಿತು. ಇನ್ನು ವಿಷಯಕ್ಕೆ ಬರುತ್ತೇನೆ.

ಬೇಲದ ಮರ ಇರುವುದು ನನ್ನ ನೆಲದ ನಡುಮಧ್ಯೆ, ನನ್ನ ಬಾವಿಯ ಬದಿಗೆ. ಅದರ ಒಂದು ಕೊಂಬೆಯೂ ನಿನ್ನ ನೆಲದ ಕಡೆ ಇಣುಕುವುದಿಲ್ಲ. ಇಣುಕಿದ್ದರೆ ನೀನು ಅದಕ್ಕೂ ದಾವೆ ಹಾಕುತ್ತಿದ್ದೆ. ಹೀಗಿರುವಾಗ ಕಾಯಿ ನಿನ್ನ ತಗಡಿನ ಮೇಲೆ ಬೀಳಬೇಕಾದರೆ ಮರ ನಡೆದು ಹೋಗಿರಬೇಕು, ಇಲ್ಲವೆ ತಗಡು ನಡೆದು ಬಂದಿರಬೇಕು. ಮರಕ್ಕೆ ಕಾಲಿಲ್ಲ. ತಗಡಿಗೆ ನೀನಿದ್ದೀಯೆ.

ನಾನು ದೂರ ಇದ್ದೇನೆ, ಕುರುಡಿಯಾಗಿಲ್ಲ. ಬೇಲಿ ಇಲ್ಲ ಎಂದು ಅಳುತ್ತಾ ಬರೆದು ಬೇಲಿಯ ಈಚೆಗೆ ಒಲೆ ಹೂಡಿದ್ದೀಯಲ್ಲ, ಅದನ್ನು ನಾಲ್ಕು ಸಲ ಓದಿಸಿಕೊಂಡೆ. ಬೆರಳೆರಡು ಬೆರಳು ತಳ್ಳುತ್ತಿದ್ದವಳು ಈಗ ಇಡೀ ಮೈಯನ್ನೇ ತಳ್ಳಿಕೊಂಡು ಬಂದಿದ್ದೀಯೆ. ಆ ನೆಲ ಕಯಲ್‌ಳ ಮದುವೆಗೆ ಕೊಡಬೇಕಾದ ಸೀದನ, ಹೆಣ್ಣುಮಗಳ ಪಾಲು. ಯಾರಪ್ಪನ ಮನೆಯ ಪಡಸಾಲೆಯೂ ಅಲ್ಲ.

ಮಳೆ ಮುಗಿದ ಮೇಲೆ ಬರುತ್ತೇವೆ. ಕಯಲ್ ಈಗಲೇ ಚೀಲ ಕಟ್ಟಿಕೊಂಡು ಕುಣಿಯುತ್ತಿದ್ದಾಳೆ. ಅಲ್ಲಿಯವರೆಗೆ ನನ್ನ ನೆಲದಲ್ಲಿ ಒಂದು ಹುಲ್ಲುಕಡ್ಡಿ ಅಲುಗಬಾರದು.

ಇಲ್ಲಿ ನಮ್ಮದು ಹತ್ತಡಿ ಕೋಣೆ. ಸಾಲುಮನೆ. ಒಂದೇ ಗೋಡೆಗೆ ಎರಡು ಸಂಸಾರ. ಈಚೆ ಸೀನಿದರೆ ಆಚೆಯಿಂದ ನೂರು ವರ್ಷ ಎನ್ನುತ್ತಾರೆ. ಜಗಳಕ್ಕೆ ಜಾಗವೇ ಇಲ್ಲ.

ಕೀರನ್ ಹೇಗಿದ್ದಾನೆ? ನಿನ್ನ ಕಾಗದದಲ್ಲಿ ಮಗನ ಹೆಸರೇ ಇಲ್ಲ. ಇಪ್ಪತ್ತಾಯಿತಲ್ಲ, ಮೀಸೆ ಬಂದಿರಬೇಕು. ಮುಂದಿನ ಕಾಗದಕ್ಕೆ ಅವನ ಕೈಯಿಂದ ಎರಡು ಸಾಲು ಸೇರಿಸು. ಅತ್ತೆ ಕೇಳಿದಳು ಎಂದು ಹೇಳು.

ತವಮಣಿ


ವೀರೈಯಡಿ
2 ಆಗಸ್ಟ್ 2010

ಮಚ್ಚಾಳ್ ತವಮಣಿಗೆ,

ಹೌದು. ನಿನ್ನ ನೆಲದಲ್ಲೇ ಇದ್ದೇನೆ. ಬಾವಿಗೂ ಬೇಲದ ಮರಕ್ಕೂ ನಡುವೆ, ನೀನು ಮೆಣಸಿನಕಾಯಿ ಒಣಗಿಸುತ್ತಿದ್ದೆಯಲ್ಲ, ಅಲ್ಲಿ.

ನನ್ನ ನೆಲಕ್ಕೆ ಕೆಂಪು ಗೂಟ ಹೊಡೆದಿದ್ದಾರೆ. ಗೂಟದಿಂದ ಗೂಟಕ್ಕೆ ಕೆಂಪು ಪಟ್ಟಿ. ನಡುವೆ ತಲೆಬುರುಡೆ ಬರೆದ ಹಲಗೆ. ನಾವಿಲ್ಲದಾಗ ಅಲ್ಲಿ ಯಾರೋ ಬಂಕರ್ ತೋಡಿದ್ದರಂತೆ, ತೋಡಿದವರು ಸುತ್ತ ನೆಲಬಾಂಬು ಹೂತಿದ್ದರಂತೆ. ಯಾರು ಎಂದು ನಾನು ಕೇಳಲಿಲ್ಲ. ಯಾರು ಹೂತರೂ ಕಾಲು ನನ್ನದೇ. ನಿನ್ನ ಕಡೆ ನೋಡಿ ಸ್ವಚ್ಛ ಎಂದು ಬರೆದುಕೊಟ್ಟರು. ಹದಿನೆಂಟು ವರ್ಷದ ವ್ಯಾಜ್ಯ ತೀರ್ಮಾನವಾದದ್ದು ಹೀಗೆ: ನಿನಗೆ ನೆಲ, ನನಗೆ ಬುರುಡೆ.

ಮೊದಲೇ ಬರೆಯಬಹುದಿತ್ತು. ನೀನು ಬಾಯ್ತುಂಬ ನಗುವೆ ಎಂದು ಬರೆಯಲಿಲ್ಲ.

ನೆಲಬಾಂಬು ತೆಗೆಯುವವರಲ್ಲಿ ಹೆಂಗಸರೂ ಇದ್ದಾರೆ. ಮುಖಕ್ಕೆ ಗಾಜು ಕಟ್ಟಿಕೊಂಡು, ಮಂಡಿಯೂರಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಮಣ್ಣು ಕೆದಕುತ್ತಾರೆ. ಜೊತೆಗೆ ಒಂದು ನಾಯಿ. ನಾಯಿಗೆ ಹೊತ್ತಿಗೆ ಸರಿಯಾಗಿ ಊಟ, ಮಲಗಲು ನೆರಳು, ನೋಡಲು ಡಾಕ್ಟರು. ಊರವರೆಲ್ಲ ಆ ನಾಯಿಯನ್ನು ಗೌರವದಿಂದ ಬಹುವಚನದಲ್ಲಿ ಕರೆಯುತ್ತಾರೆ.

ಒಬ್ಬಳನ್ನು ಕೇಳಿದೆ: "ನನ್ನ ನೆಲದ ಸರದಿ ಯಾವಾಗ ತಂಗಚ್ಚಿ?"

"ಮೊದ್ಲು ಶಾಲೆ, ರಸ್ತೆ, ಗದ್ದೆ. ಆಮೇಲೆ ಮನೆ ನೆಲ ಅಕ್ಕಾ. ಎರಡು ವರ್ಷ ಆಗ್ಬಹುದು."

"ಹೂಳುವಾಗ ಎರಡು ದಿನದಲ್ಲಿ ಹೂತ್ರಲ್ಲಾ?"

"ಅವರಿಗೆ ಹುಡುಕೋ ಕೆಲಸ ಇರ್ಲಿಲ್ಲವಲ್ಲ ಅಕ್ಕಾ," ಅಂದಳು.

ನಿನ್ನ ಬಾವಿಯನ್ನು ಮೂರು ಸಲ ಪೂರ್ತಿ ಖಾಲಿ ಮಾಡಿಸಿದೆ. ಒಂದು ಸೈಕಲ್ಲು, ಎರಡು ಕೊಡ, ಯಾರದೋ ಹೊಲಿಗೆ ಯಂತ್ರ ಬಂತು. ಬಚ್ಚಿಟ್ಟವರು ಬಂದು ಕೇಳಿದರೆ ಕೊಡೋಣವೆಂದು ತೊಳೆದು ಮರಕ್ಕೆ ಒರಗಿಸಿದ್ದೇನೆ. ಈಗ ನೀರು ಸಿಹಿಯಾಗಿದೆ. ಓಣಿಯವರೆಲ್ಲ ಇಲ್ಲಿಂದಲೇ ಸೇದುತ್ತಾರೆ. ಬಾವಿ ತವಮಣಿಯದು ಎಂದು ಒಬ್ಬೊಬ್ಬರಿಗೂ ಹೇಳಿಯೇ ಹಗ್ಗ ಕೊಡುತ್ತೇನೆ.

ಹುಲ್ಲುಕಡ್ಡಿ ಅಲುಗಬಾರದು ಎಂದೆಯಲ್ಲ, ಹುಲ್ಲು ಎದೆಯೆತ್ತರ ಬೆಳೆದಿತ್ತು. ಅಲುಗಿಸಿದೆ. ಎರಡು ಹಾವು ಹೊರಟವು. ನಿನಗಾಗಿ ಕಾದಿದ್ದವೋ ಏನೋ.

ನಿನ್ನ ನುಗ್ಗೆಯ ಬುಡ ಮತ್ತೆ ಚಿಗುರಿದೆ. ಕಯಲ್ ಚೀಲ ಬಿಚ್ಚದಿರಲಿ.

ಪಾಕ್ಕಿಯಂ


ಮಂಡಪಂ ಶಿಬಿರ
30 ಆಗಸ್ಟ್ 2010

ಮಚ್ಚಾಳ್,

ನಗಲಿಲ್ಲ. ನಗಬೇಕೆಂದು ಕೂತೆ, ಬರಲಿಲ್ಲ.

ಇರು. ನನ್ನ ನೆಲದಲ್ಲೇ ಇರು. ಆದರೆ ಅದು ನನ್ನ ನೆಲ ಎಂಬುದನ್ನು ನೆನಪಿಟ್ಟುಕೊಂಡು ಇರು. ನುಗ್ಗೆಯನ್ನು ತುದಿಯಲ್ಲಿ ಚಿವುಟು, ಬುಡಕ್ಕೆ ಕತ್ತಿ ತಾಗಿಸಬೇಡ. ಬಾವಿಕಟ್ಟೆಯ ಮೇಲೆ ಬಟ್ಟೆ ಒಗೆಯಬೇಡ. ಕೆಳಗೆ ಕಲ್ಲಿದೆ, ನಿನ್ನ ಅಣ್ಣ ಹಾಕಿಸಿದ್ದು. ಶುಕ್ರವಾರ ಸಂಜೆ ಮರದ ಬುಡಕ್ಕೆ ಒಂದು ದೀಪ ಇಡು, ಎಣ್ಣೆ ಇದ್ದರೆ. ಇಲ್ಲದಿದ್ದರೆ ಕೈಮುಗಿ. ಎಣ್ಣೆಗೆ ಬೆಲೆ ಇದೆ, ಕೈಗೆ ಇಲ್ಲ.

ಹಾವಿನ ಮಾತು ಓದಿ ಪಕ್ಕದ ಕೋಣೆಯವರೂ ನಕ್ಕರು. ನಿನ್ನ ಕಾಗದ ಈಗ ಈ ಸಾಲಿನವರೆಲ್ಲರ ಕಾಗದ. ನಾಯಿಯ ಹೆಸರೇನೆಂದು ಕೇಳುತ್ತಿದ್ದಾರೆ, ಬರೆ.

ನಾವು ತೈ ಹುಟ್ಟಿದ ಮೇಲೆ ಬರುತ್ತೇವೆ. ಮಳೆಯಲ್ಲಿ ಬಂದು ಟಾರ್ಪಾಲಿನ ಕೆಳಗೆ ಏನು ಮಾಡುವುದು? ಕಯಲ್‌ಗೆ ಇಲ್ಲಿ ಹೊಲಿಗೆ ಕಲಿಸುತ್ತಿದ್ದಾರೆ, ಅದೂ ಮುಗಿಯಲಿ. ಅವಳಿಗೆ ಊರೆಂದರೆ ಉಸಿರು.

ನಾನು ಕೀರನ್ ವಿಷಯ ಕೇಳಿದ್ದೆ. ನೀನು ಬರೆಯಲು ಮರೆತೆಯೋ, ಅಂಚೆಯವರು ಆ ಒಂದು ಸಾಲನ್ನು ಮಾತ್ರ ನುಂಗಿದರೋ? ಬೇಲದ ಕಾಯಿಗೆ ಕಲ್ಲು ಹೊಡೆದು ನನ್ನ ಹೆಂಚು ಒಡೆಯುತ್ತಿದ್ದ. "ಯಾರೋ ಅದು" ಎಂದರೆ "ಗಾಳಿ ಅತ್ತೇ" ಎನ್ನುತ್ತಿದ್ದ. ಈಗ ತಾನಾಗಿ ಬೀಳುವ ಕಾಯನ್ನು ಹೆಕ್ಕಲೂ ಸೋಮಾರಿಯೇ? ಅವನಿಗೆ ಹೆಣ್ಣು ನೋಡಲು ಶುರು ಮಾಡಿದ್ದರೆ ನನಗೆ ತಿಳಿಸದೆ ಮುಗಿಸಬೇಡ.

ತವಮಣಿ


ವೀರೈಯಡಿ
10 ನವೆಂಬರ್ 2010

ಮಚ್ಚಾಳ್ ತವಮಣಿಗೆ,

ಬರೆಯಲು ತಡವಾಯಿತು. ಮಳೆ ಹಿಡಿದಿದೆ. ತಗಡಿನ ಕೆಳಗೆ ಕೂತವರಿಗೆ ಮಳೆಗಾಲದಲ್ಲಿ ಮಾತೇ ಕೇಳಿಸುವುದಿಲ್ಲ. ಓಣಿಯಲ್ಲಿ ಎಲ್ಲರೂ ಕೂಗಿ ಕೂಗಿ ಮಾತಾಡುತ್ತಾರೆ, ಗುಟ್ಟುಗಳನ್ನೂ.

ನಾಯಿಯ ಹೆಸರು ರೀಟಾ. ಅವರಿಗೆ ನೆಗಡಿ. ಅದಕ್ಕೆ ಕೆಲಸ ನಿಂತಿದೆ.

ಒಂದು ತೊಡಕು ಬಂದಿದೆ. ಸರಿಯಾಗಿ ಓದಿಸಿಕೋ. ಮನೆ ಕಟ್ಟಿಕೊಡುವ ಸಂಸ್ಥೆಯೊಂದು ನಮ್ಮೂರಿಗೆ ಬಂದಿದೆ. ಇಟ್ಟಿಗೆ ಗೋಡೆ, ಹೆಂಚು, ಎರಡು ಕೋಣೆ, ಒಂದು ಅಡಿಗೆಮನೆ. ಗ್ರಾಮ ಸೇವಕರು ಕೊಡೆ ಹಿಡಿದು ಬಂದು ಹೊರಗೇ ನಿಂತು ಕೂಗಿದರು.

"ಪಾಕ್ಕಿಯಂ ಅಮ್ಮಾ, ನಿಮ್ಮ ಹೆಸರು ಬಂದಿದೆ. ಮನೆ ಸಿಗ್ತು."

"ಎಲ್ಲಿ ಐಯಾ?"

"ಎಲ್ಲಿ ಅಂದ್ರೆ? ನೀವು ಇರೋ ಜಾಗದಲ್ಲೇ."

"ಇದು ನನ್ನದಲ್ಲ."

"ಕೂತಿದ್ದೀರಲ್ಲಾ?"

"ಬಸ್ಸಲ್ಲೂ ಕೂತಿದ್ದೆ. ಬಸ್ಸು ನನ್ನದಾಯ್ತಾ?"

ಅವರು ಕೊಡೆ ಮಡಿಸಿ ಒಳಗೆ ಬಂದರು. "ಅಮ್ಮಾ, ಕೇಳಿಸ್ಕೊಳ್ಳಿ. ನಿಮ್ಮ ನೆಲದಲ್ಲಿ ಈಗ ಯಾರೂ ಅಡಿಪಾಯ ತೋಡಲ್ಲ. ಈ ಸಲ ತಪ್ಪಿದ್ರೆ ಮುಂದಿನ ಸಲ ಯಾವಾಗ್ಲೋ, ಯಾವ ಸಂಸ್ಥೆಯೋ. ಆ ಕಡೆಯವರು ಬರೋ ಹಾಗೂ ಕಾಣಲ್ಲ. ಸುಮ್ನೆ ಹೂಂ ಅನ್ನಿ."

"ಅವಳು ಬರ್ತಾಳೆ."

"ಹಾಗಾದ್ರೆ ಎಲ್ಲೆ ಎಲ್ಲಿ ಅಂತ ತೋರಿಸೋರ್ಯಾರು? ನಿಮ್ಮ ನೆಲದ ಪತ್ರ ಸುಟ್ಟೋಯ್ತು. ಕಚೇರಿಯದ್ದು ನೆನೆದು ಗಂಜಿ ಆಗಿದೆ. ಇನ್ನು ಅಕ್ಕಪಕ್ಕದವರ ಮಾತೇ ಸಾಕ್ಷಿ."

ನನಗೆ ಅಕ್ಕಪಕ್ಕದವರು ಯಾರು? ಪಡುವಣಕ್ಕೆ ಕೆರೆ, ಮೂಡಣಕ್ಕೆ ಓಣಿ, ತೆಂಕಣಕ್ಕೆ ಕಾಡು, ಬಡಗಣಕ್ಕೆ ನೀನು. ನಾಲ್ವರಲ್ಲಿ ಬಾಯಿ ಇರುವುದು ನಿನಗೊಬ್ಬಳಿಗೆ.

ಆದ್ದರಿಂದ ಬೇಲಿ ಎಲ್ಲಿತ್ತು ಎಂದು ನೀನು ಐಯಾ ಅವರಿಗೆ ಬರೆದು ಕಳಿಸು. ಲೋಕದಲ್ಲಿ ಅದನ್ನು ನನ್ನಷ್ಟು ಬಲ್ಲವಳು ನೀನು ಮಾತ್ರ. ಸುಳ್ಳು ಬರೆದರೂ ನೀನು ಎರಡು ಬೆರಳಿಗಿಂತ ಹೆಚ್ಚು ಬರೆಯಲಾರೆ. ಅಷ್ಟು ನಂಬಿಕೆ ನಿನ್ನ ಮೇಲಿದೆ.

ನುಗ್ಗೆ ತುದಿಯಲ್ಲೇ ಚಿವುಟುತ್ತಿದ್ದೇನೆ. ಶುಕ್ರವಾರ ದೀಪ ಇಟ್ಟೆ. ಮಳೆಗೆ ಆರಿತು. ಮತ್ತೆ ಹಚ್ಚಿದೆ.

ಪಾಕ್ಕಿಯಂ


ಮಂಡಪಂ ಶಿಬಿರ
12 ಡಿಸೆಂಬರ್ 2010

ಮಚ್ಚಾಳ್,

ನಿನ್ನ ಗ್ರಾಮ ಸೇವಕರಿಗೆ ಬರೆದು ಅಂಚೆಗೆ ಹಾಕಿದ್ದೇನೆ. ಏನು ಬರೆದೆ ಎಂದು ಅವರಿಂದಲೇ ಕೇಳಿಕೋ.

ಕಯಲ್ ಬರುವುದಿಲ್ಲ. ಅವಳು ಚೀಲ ಕಟ್ಟಿಯೂ ಇರಲಿಲ್ಲ, ಕುಣಿದೂ ಇರಲಿಲ್ಲ; ಅದೆಲ್ಲ ನಾನು ಬರೆಸಿದ್ದು. ಶಿಬಿರದಲ್ಲೇ ಹುಟ್ಟಿ ಬೆಳೆದ ಹುಡುಗನೊಬ್ಬನಿದ್ದಾನೆ, ಸುದಾಕರ್ ಎಂದು. ಗೋಡೆಗೆ ಬಣ್ಣ ಹೊಡೆಯುವ ಕೆಲಸ. ಅವನಿಗೆ ನಮ್ಮೂರು ಗೊತ್ತಿರುವುದು ಹಾಡುಗಳಲ್ಲಿ ಮಾತ್ರ. ತೈ ತಿಂಗಳಲ್ಲಿ ಮದುವೆ. "ಅಮ್ಮಾ, ಅಲ್ಲಿ ನನಗೆ ನೆನಪಿರೋದು ಓಡಿದ್ದು ಒಂದೇ" ಎಂದಳು. ನಾನು ಏನು ಹೇಳಲಿ? ಅವಳು ಓಡುವಾಗ ಕೈ ಹಿಡಿದು ಎಳೆದವಳು ನಾನೇ.

ಆದ್ದರಿಂದ ಆ ನೆಲ ಇನ್ನು ಯಾರ ಸೀದನವೂ ಅಲ್ಲ. ಹಾಗೆಂದು ತಿಳಿದೇ ಬರೆದಿದ್ದೇನೆ.

ಕೀರನ್‌ನ ವಿಷಯ ಎರಡು ಸಲ ಕೇಳಿದೆ. ನೀನು ನನ್ನ ಬಾವಿ, ನನ್ನ ನುಗ್ಗೆ, ನಾಯಿಯ ನೆಗಡಿ, ಎಲ್ಲದಕ್ಕೂ ಉತ್ತರ ಬರೆದೆ. ಇನ್ನು ಕೇಳುವುದಿಲ್ಲ.

ಮೈ ನೋಡಿಕೋ.

ತವಮಣಿ


ವೀರೈಯಡಿ
20 ಜನವರಿ 2011

ತವಮಣಿ,

ನಿನಗೆ ಬುದ್ಧಿ ಇದೆಯೇ?

ತೈ ಪೊಂಗಲ್ ಮುಗಿದ ಮಾರನೆಯ ದಿನ ಕುಲವೀರಸಿಂಗಂ ಐಯಾ ಶಾಲೆಯ ಮುಂದಿನ ಆಲದ ಕೆಳಗೆ ಮೇಜು ಹಾಕಿಸಿ ಕೂತಿದ್ದರು. ಮನೆ ಸಿಗುವವರೆಲ್ಲ ಬಂದಿದ್ದರು. ಎಲ್ಲರ ಎದುರಿಗೆ ನಿನ್ನ ಕಾಗದ ತೆಗೆದು ಗಟ್ಟಿಯಾಗಿ ಓದಿದರು. ಬೇಲದ ಮರ, ಬಾವಿ, ಅಲ್ಲಿಂದ ತೆಂಕಣಕ್ಕೆ ಇರುವುದೆಲ್ಲ ಮೊದಲಿನಿಂದಲೂ ಪಾಕ್ಕಿಯಂ ಅವರದ್ದು. ತವಮಣಿಯ ನೆಲ ಬಾವಿಯಿಂದ ಬಡಗಣಕ್ಕೆ ಮಾತ್ರ. ಹದಿನೆಂಟು ವರ್ಷ ತವಮಣಿ ಸುಮ್ಮನೆ ಜಗಳ ತೆಗೆಯುತ್ತಿದ್ದಳು. ಕೆಳಗೆ ನಿನ್ನ ಹೆಬ್ಬೆರಳು.

ಆಮೇಲೆ ಹಿಂದಿನಿಂದ ಒಬ್ಬಳು "ಗೆದ್ದೆಯಲ್ಲ ಪಾಕ್ಕಿಯಂ ಅಕ್ಕಾ" ಎಂದಳು.

ನನಗೆ ಮೈಯೆಲ್ಲ ಉರಿಯಿತು. "ಸುಳ್ಳು ಐಯಾ," ಎಂದೆ.

"ಯಾವುದಮ್ಮಾ ಸುಳ್ಳು?"

"ಎಲ್ಲಾ. ಬಾವಿ ಅವಳದ್ದು. ಮರ ಅವಳದ್ದು. ಬೇಲಿ ಇದ್ದದ್ದು ಬಾವಿಯಿಂದ ಇಪ್ಪತ್ತು ಮಾರು ಈಚೆಗೆ. ಅವಳಿಗೆ ಅಲ್ಲಿ ತಲೆ ಕೆಟ್ಟಿದೆ."

"ಅಮ್ಮಾ, ಅವರು ನಿಮ್ಮದು ಅಂತಿದ್ದಾರೆ."

"ಅವಳಂದ್ರೆ ಆಯ್ತಾ? ಹದಿನೆಂಟು ವರ್ಷ ಜಗಳ ಆಡಿದೋಳು ನಾನು. ನನಗೆ ಗೊತ್ತಿಲ್ವಾ ನನ್ನದು ಯಾವುದಲ್ಲ ಅಂತ?"

ಎಲ್ಲರೂ ನಕ್ಕರು. ಐಯಾ ನಗಲಿಲ್ಲ. ಹೊಟ್ಟೆ ಒತ್ತಿಕೊಂಡು ಹೇಳಿದರು: "ಇಪ್ಪತ್ತೆಂಟು ವರ್ಷದಿಂದ ಈ ಕೆಲಸ ಮಾಡ್ತಿದ್ದೀನಿ. ನೆಲ ನಂದು ನಂದು ಅಂತ ಕುತ್ತಿಗೆ ಹಿಡಿದೋರನ್ನ ನೋಡಿದ್ದೀನಿ. ನಿಂದು ನಿಂದು ಅಂತ ಬಂದೋರು ನೀವೇ ಮೊದಲು. ಇದನ್ನ ಯಾವ ಕಲಂನಲ್ಲಿ ಬರೀಲಿ? ಇಬ್ಬರೂ ಬಂದು ಎದುರಿಗೆ ನಿಲ್ಲಿ. ಅಲ್ಲೀವರೆಗೆ ಯಾರಿಗೂ ಮನೆ ಇಲ್ಲ."

ನೀನು ಯಾಕೆ ಹಾಗೆ ಬರೆದೆ ಎಂದು ನನಗೆ ಅರ್ಥವಾಗದೆ ಇಲ್ಲ. ಆದರೆ ಆ ಮನೆ ನನಗೆ ಬೇಡ. ಯಾಕೆ ಬೇಡ ಎಂದು ಹೇಳಬೇಕಾದರೆ ಇನ್ನೊಂದನ್ನು ಹೇಳಬೇಕು. ನೀನು ಇನ್ನು ಕೇಳುವುದಿಲ್ಲ ಎಂದೆ. ಕೇಳುವವರಿಗೆ ಹೇಳಲು ನನ್ನಿಂದ ಆಗುವುದಿಲ್ಲ. ಕೇಳದವಳಿಗೆ ಹೇಳುತ್ತೇನೆ.

ಯುದ್ಧದ ಕೊನೆಯ ದಿನ ನಾವೆಲ್ಲ ಸೇತುವೆ ದಾಟಿದೆವು. ಕೀರನ್ ನನ್ನ ಚೀಲವನ್ನೂ ಹೊತ್ತಿದ್ದ. ಆಚೆ ದಡದಲ್ಲಿ ಹೆಂಗಸರ ಸಾಲು ಬೇರೆ, ಗಂಡುಹುಡುಗರ ಸಾಲು ಬೇರೆ ಮಾಡಿದರು. ಹೆಸರು ಕೇಳಿದರು, ಊರು ಕೇಳಿದರು. ಹುಡುಗರನ್ನು ಒಂದು ಬಸ್ಸಿಗೆ ಹತ್ತಿಸಿದರು. ಅವನು ಕಿಟಕಿಯಿಂದ ಚೀಲ ಕೆಳಗೆ ಕೊಟ್ಟ. "ಅಮ್ಮಾ, ಶಿಬಿರದಲ್ಲಿ ಸಿಗದಿದ್ರೆ ಮನೆಗೆ ಬರ್ತೀನಿ" ಎಂದ. ಬಸ್ಸು ಹೋಯಿತು. ಆಮೇಲೆ ಕೇಳಿದ ಕಡೆಯಲ್ಲೆಲ್ಲ ಅಂಥ ಹೆಸರಿಲ್ಲ ಎಂದರು. ನಾನು ಇನ್ನೂ ಕೇಳುತ್ತಿದ್ದೇನೆ. ಸತ್ತವನಿಗೆ ಮಾಡುವುದನ್ನು ಅವನಿಗೆ ಮಾಡಿಲ್ಲ, ಮಾಡುವುದೂ ಇಲ್ಲ.

ಮನೆಗೆ ಬರುತ್ತೇನೆ ಎಂದಿದ್ದಾನೆ. ಅವನ ಮನೆ ನಿನ್ನ ಬಾವಿಯ ಹತ್ತಿರ ಇಲ್ಲ ತವಮಣಿ. ಬೇಲಿ ಪೂರ್ತಿ ಹೋದರೂ ಓಣಿಗೆ ಮುಖ ಮಾಡಿದ ನಮ್ಮ ತಟ್ಟಿಬಾಗಿಲು ನಿಂತಿದೆ. ಆಚೆ ಈಚೆ ಏನೂ ಇಲ್ಲ, ಬಾಗಿಲು ಮಾತ್ರ. ಸೌದೆಗೆ ಕೀಳಲು ಬಂದವರನ್ನು ಎರಡು ಸಲ ಬೈದು ಓಡಿಸಿದ್ದೇನೆ. ಅವನು ಬಂದರೆ ಅಲ್ಲಿಗೇ ಬರುವುದು. ಅದನ್ನು ತಳ್ಳಿದರೆ ಒಳಗೆ ನೆಲಬಾಂಬು. ಅವನಿಗೆ ಕೆಂಪು ಪಟ್ಟಿ ಕಂಡರೆ ಸರಿ. ಕತ್ತಲಾಗಿದ್ದರೆ? ನಾನು ಈ ತಗಡಿನ ಹೊರಗೆ, ಆ ಬಾಗಿಲು ಕಾಣುವ ಹಾಗೆ ಚಾಪೆ ಹಾಸಿಕೊಂಡು ಇರುತ್ತೇನೆ. ನಿನ್ನ ಕಾಗದದ ಪ್ರಕಾರ ಅವರು ಮನೆ ಕಟ್ಟುವುದು ಬಾವಿಯ ಬಳಿ, ಬಾಗಿಲು ಮೂಡಣಕ್ಕೆ. ಅಲ್ಲಿ ಕೂತರೆ ನನಗೆ ಗೋಡೆ ಕಾಣುತ್ತದೆ.

ಅದಕ್ಕೆ ಬೇಡ. ಸಿಟ್ಟಿಗಲ್ಲ.

ಮದುವೆಗೆ ಏನೂ ಕಳಿಸಲಾಗಲಿಲ್ಲ. ಕಯಲ್‌ಗೆ ನನ್ನ ಆಶೀರ್ವಾದ ಹೇಳು. ಅವಳು ಬರದಿದ್ದರೆ ತಪ್ಪೇನಿಲ್ಲ. ಎದುರಿಗಿದ್ದಾಳೆ, ಕೂಗಿದರೆ ಓ ಎನ್ನುತ್ತಾಳೆ. ಅಷ್ಟು ಸಾಕು.

ಪಾಕ್ಕಿಯಂ


ಮಂಡಪಂ ಶಿಬಿರ
18 ಫೆಬ್ರವರಿ 2011

ಪಾಕ್ಕಿಯಂ,

ನಿನ್ನ ಕಾಗದವನ್ನು ಈ ಸಲ ಸಾಲಿನವರಿಗೆ ಓದಿ ಹೇಳಲಿಲ್ಲ. ಕಯಲ್ ನನಗೊಬ್ಬಳಿಗೇ ಓದಿದಳು, ಆಮೇಲೆ ಹೊರಗೆ ಹೋಗಿ ಕೂತಳು. ಸುದಾಕರ್ ಏನೂ ಕೇಳದೆ ಅವಳ ಪಕ್ಕ ಕೂತ. ಒಳ್ಳೆಯ ಹುಡುಗ. ಬಣ್ಣ ಹೊಡೆದೂ ಹೊಡೆದೂ ಉಗುರು ಮಾತ್ರ ನೀಲಿ.

ಊರಿಗೆ ಮರಳುವವರ ಪಟ್ಟಿಗೆ ನಾನು ಹೆಸರು ಕೊಟ್ಟಿದ್ದೇನೆ. ಮಾರ್ಚ್ ಕೊನೆಯ ವಾರ ವಿಮಾನ, ಅಲ್ಲಿಂದ ವವುನಿಯಾಕ್ಕೆ ಬಸ್ಸು. ಚಿತ್ತಿರೈ ಹುಟ್ಟುವ ಮೊದಲು ಊರಲ್ಲಿರುತ್ತೇನೆ. ಒಬ್ಬಳೇ ಬರುತ್ತೇನೆ. ಕಯಲ್ ಅತ್ತಳು, ನಾನೂ ಅತ್ತೆ, ಅತ್ತದ್ದು ಮುಗಿಯಿತು. ಇಲ್ಲಿ ಗೋಡೆಯ ಆಚೆಯವರು ಸೀನಿದರೆ ನೂರು ವರ್ಷ ಎನ್ನಲು ಅವಳಿದ್ದಾಳೆ.

ನಿನ್ನ ಗ್ರಾಮ ಸೇವಕರ ಎದುರಿಗೆ ನಿಂತು ನಿಜ ಹೇಳುತ್ತೇನೆ. ಬಾವಿ ನನ್ನದು, ಮರ ನನ್ನದು, ನೆಲ ನನ್ನದು. ಬೇಲಿ ಬಾವಿಯಿಂದ ಇಪ್ಪತ್ತು ಮಾರು ಎಂದೆಯಲ್ಲ, ಅದು ಇಪ್ಪತ್ತೊಂದು. ಸುಮ್ಮನೆ ಬಿಡುತ್ತೇನೆಂದು ತಿಳಿಯಬೇಡ. ಮನೆ ನನ್ನ ಹೆಸರಿಗೆ ಆಗುತ್ತದೆ. ನಿನ್ನ ನೆಲದ ಸರದಿ ಬಂದು ರೀಟಾ ಅವರು ಒಪ್ಪುವವರೆಗೆ ನೀನು ನನ್ನ ಮನೆಯಲ್ಲಿರುತ್ತೀ. ನಿನ್ನ ಹೆಸರಿನ ಮನೆ ನಿನ್ನ ನೆಲಕ್ಕೇ ಬರಲಿ, ತಡವಾಗಿ ಬಂದರೂ.

ಮೇಸ್ತ್ರಿ ಅಳತೆಗೆ ಬಂದರೆ ನಾನು ಬರುವವರೆಗೆ ಹಗ್ಗ ಹಿಡಿಯಬೇಡ ಎಂದು ಹೇಳು. ಒಪ್ಪದೆ ಅವಸರ ಮಾಡಿದರೆ ಇಷ್ಟು ಹೇಳು: ಮನೆ ಬಾವಿಯ ಬಳಿ ಬೇಡ. ತೆಂಕಣ ತುದಿಗೆ, ಬೇಲಿ ಇದ್ದ ಗೆರೆಗೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ. ಬಾಗಿಲು ತೆಂಕಣಕ್ಕೆ.

ಅವನು ಬಾಯಿ ಬಿಡುತ್ತಾನೆ. ತೆಂಕಣಕ್ಕೆ ಬಾಗಿಲಿಟ್ಟರೆ ಯಮನಿಗೆ ದಾರಿ ತೋರಿಸಿದ ಹಾಗೆ, ನಮ್ಮೂರಲ್ಲಿ ಯಾರೂ ಇಟ್ಟಿಲ್ಲ ಎನ್ನುತ್ತಾನೆ. ನಾನೂ ಹಾಗೆಂದೇ ಬೆಳೆದವಳು. ನಿನ್ನ ಅಣ್ಣ ಒಮ್ಮೆ ತೆಂಕಣಕ್ಕೆ ಒಂದು ಕಿಟಕಿ ಇಡುತ್ತೇನೆಂದದ್ದಕ್ಕೆ ಎರಡು ದಿನ ಒಲೆ ಹಚ್ಚಿರಲಿಲ್ಲ. ಮೇಸ್ತ್ರಿಗೆ ನನ್ನ ಮಾತು ಹೇಳು: "ಯಮ ಈ ಊರಿಗೆ ನಾಲ್ಕು ದಿಕ್ಕಿಂದಲೂ ಬಂದು ಹೋಗಿದ್ದಾನೆ ಕಣಪ್ಪಾ. ಅವನಿಗೆ ನಮ್ಮ ಬಾಗಿಲು ಕೇಳಿ ಬರೋ ಗತಿ ಇಲ್ಲ."

ಬಾಗಿಲು ತೆರೆದು ಹೊಸ್ತಿಲಲ್ಲಿ ಕೂತರೆ ನಿನ್ನ ತಟ್ಟಿಬಾಗಿಲು ನೇರ ಕಾಣಬೇಕು. ಅಡ್ಡ ಬರುವ ಗಿಡ ನನ್ನದಾದರೂ ಕಡಿ. ಒಲೆಯ ಮುಂದೆ ಕೂತವಳಿಗೆ ಹೊರಗಿನದು ಕಾಣುವುದಿಲ್ಲ, ಅದಕ್ಕೇ ಇಬ್ಬರಿರಬೇಕು. ನೀನು ಅಡಿಗೆ ಮಾಡುವಾಗ ನಾನು ನೋಡುತ್ತೇನೆ. ನಾನು ಮಾಡುವಾಗ ನೀನು ನೋಡು.

ತವಮಣಿ